ದಾಂಡಿಗನ ಕಣ್ಣು ಎಲ್ಲಿರಬೇಕು?

ತೊಗರಿ ಕಟಾವಾಗಿ ಹೊಲಗಳು ಬರಿದಾದ ಮೇಲೆ ನಮ್ಮ ಎಕಂಬಾದ ಸುತ್ತಮುತ್ತ ಕ್ರಿಕೆಟ್ಟಿನ ಕಾಲ ಆರಂಭವಾಗುತ್ತದೆ. ಕರಿಮಣ್ಣಿನ ನೆಲಕ್ಕೆ ನೀರು ಚಿಮುಕಿಸಿ, ಬಡಿದು ಗಟ್ಟಿ ಮಾಡಿ, ಸುಣ್ಣದ ಗೆರೆ ಎಳೆದರೆ ಅದೇ ಮೈದಾನ. ಬಿಸಿಲಿಗೆ ನೆಲ ಬಿರುಕು ಬಿಟ್ಟಲ್ಲಿ ಟೆನ್ನಿಸ್ ಚೆಂಡು ಯಾವ ಕಡೆಗೆ ತಿರುಗೀತೆಂದು ಎಸೆದವನಿಗೂ ತಿಳಿಯದು. ಔರಾದ, ಭಾಲ್ಕಿಗಳ ಹುಡುಗರು ಮಾತ್ರವಲ್ಲ, ಗಡಿಯಾಚೆಯ ಮಹಾರಾಷ್ಟ್ರದ ಹಳ್ಳಿಗಳ ತಂಡಗಳೂ ಬರುತ್ತವೆ. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಭಾಷೆಗಳಲ್ಲಿ ಕೂಗಾಟ ನಡೆಯುತ್ತದೆ. ಮಕ್ಕಳ ಪಂದ್ಯಗಳಾದರಂತೂ ತಂದೆ, ಮಾವ, ದೊಡ್ಡಪ್ಪಂದಿರ ದಂಡೇ ಗೆರೆಯ ಸುತ್ತ ನೆರೆದಿರುತ್ತದೆ.

ಅಂಥ ಒಂದು ಪಂದ್ಯಾವಳಿಯಲ್ಲಿ, ಹಲವು ವರ್ಷಗಳ ಹಿಂದೆ, ಈ ಸಾಲುಗಳನ್ನು ಬರೆಯುತ್ತಿರುವವನು ಮಾಡಿದ ಒಂದು ಕೆಲಸವನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ತಂಗಿಯ ಮಗ ಆಡುತ್ತಿದ್ದ. ಆಗ ಅವನಿಗೆ ಹನ್ನೆರಡು ವರ್ಷ. ಬೌಲರನು ಓಡಿ ಬರುವ ತುದಿಯ ಹಿಂದೆ ಒಂದು ಬೇವಿನ ಮರವಿತ್ತು. ಅಲ್ಲಿ ನಿಂತವರಿಗೆ ಬೌಲರನು ಬೆನ್ನ ಹಿಂದೆ ಚೆಂಡನ್ನು ಹೇಗೆ ಹಿಡಿದಿದ್ದಾನೆಂಬುದು ಸ್ಪಷ್ಟವಾಗಿ ಕಾಣುತ್ತಿತ್ತು. ಅಂಗೈಯಲ್ಲಿ ಅದುಮಿ ಹಿಡಿದರೆ ನಿಧಾನದ ಎಸೆತ, ಬೆರಳ ತುದಿಯಲ್ಲಿ ಹಿಡಿದರೆ ವೇಗದ್ದು. ಹುಡುಗನೂ ನಾನೂ ಹಿಂದಿನ ರಾತ್ರಿಯೇ ಮಾತಾಡಿಕೊಂಡಿದ್ದೆವು. ಟವೆಲ್ ಬಲ ಹೆಗಲ ಮೇಲಿದ್ದರೆ ನಿಧಾನ, ಎಡ ಹೆಗಲ ಮೇಲಿದ್ದರೆ ವೇಗ. ವಿಕೆಟ್ ಕೀಪರ್ ಸದ್ದಿಲ್ಲದೆ ಹೊರಗಡೆಗೆ ಸರಿದರೆ ನಾನು ಸೊಂಟದ ಮೇಲೆ ಕೈಯಿಡುವುದು. ಬೌಲರ್ ದಾಂಡಿಗನ ಕಡೆಗೆ ಮುಖ ಮಾಡಿರುವುದರಿಂದ ನಾನು ಅವನ ಕಣ್ಣಿಗೆ ಬೀಳುವಂತಿರಲಿಲ್ಲ. ದಾಂಡಿಗನಿಗೆ ಮಾತ್ರ ಎದುರಿಗೇ ಇದ್ದೆ. ಹುಡುಗ ಆ ದಿನ ಚೆನ್ನಾಗಿ ಆಡಿದ, ತಂಡ ಗೆದ್ದಿತು, ಮನೆಯಲ್ಲಿ ಹಬ್ಬದ ವಾತಾವರಣವಾಯಿತು. ಪಾನಕ ಹಂಚುವಾಗ ಅವನು ನನ್ನನ್ನು ನೋಡಿ ಕಣ್ಣು ಮಿಟುಕಿಸಿದ್ದು ಇಂದಿಗೂ ನೆನಪಿದೆ. ನಾನೂ ನಕ್ಕೆ.

ಮರುದಿನ ಬೀದರಿನಲ್ಲಿ ಕೆಲಸವಿದ್ದುದರಿಂದ ನಾನು ಮೈದಾನಕ್ಕೆ ಹೋಗಲಾಗಲಿಲ್ಲ. ಮೊದಲನೆಯ ಚೆಂಡಿಗೇ ಹುಡುಗನ ಗೂಟ ಹಾರಿತಂತೆ. ಸಂಜೆ ಕೇಳಿದರೆ, "ಮಾಮಾ, ನೀವು ಇರ್ಲಿಲ್ಲಲ್ರಿ, ನನಗ ಚಂಡೇ ಕಾಣ್ಲಿಲ್ಲ" ಎಂದ. ಅವನು ಸುಳ್ಳು ಹೇಳಲಿಲ್ಲ. ಬೌಲರನ ಕೈಯಿಂದ ಚೆಂಡು ಹೊರಡುವ ಕ್ಷಣದಲ್ಲಿ ಅವನ ಕಣ್ಣು ಬೇವಿನ ಮರದ ಬುಡದಲ್ಲಿ ನನ್ನನ್ನು ಹುಡುಕುತ್ತಿತ್ತು.

ಇದು ನಮ್ಮ ಹೊಲದ ಮಟ್ಟದ ಸಣ್ಣ ಕಥೆ. ಆದರೆ ಇದೇ ಪ್ರಶ್ನೆಯನ್ನು ಹಿಡಿದು ಸಾಗರದಾಚೆಯ ಇನ್ನೊಂದು ಆಟ ಬಹುಕಾಲದಿಂದ ತಲೆ ಕೆಡಿಸಿಕೊಂಡಿದೆ. ಅಮೆರಿಕದ ಬೇಸ್‌ಬಾಲ್ ಆಟದ ಪರಿಚಯ ನಮ್ಮಲ್ಲಿ ಹೆಚ್ಚಿನವರಿಗಿಲ್ಲ. ಶಾಲಾ ಕ್ರೀಡಾಕೂಟಗಳಲ್ಲಿ ಬೇಸ್‌ಬಾಲ್, ಸಾಫ್ಟ್‌ಬಾಲ್ ಆಡಿದ ಕೆಲವು ಮಕ್ಕಳಿಗೆ ಗೊತ್ತಿರಬಹುದು. ಅದರಲ್ಲಿ ಚೆಂಡೆಸೆಯುವ ಪಿಚರ್ ಒಂದು ತುದಿಯಲ್ಲಿ, ದಾಂಡಿಗನ ಬೆನ್ನ ಹಿಂದೆ ಕುಕ್ಕುರುಗಾಲಿನಲ್ಲಿ ಕುಳಿತ ಕ್ಯಾಚರ್ ಇನ್ನೊಂದು ತುದಿಯಲ್ಲಿ. ದೊಡ್ಡವರ ಆಟದಲ್ಲಿ ಇವರ ನಡುವೆ ಅರುವತ್ತೂವರೆ ಅಡಿ ಅಂತರ. ಚೆಂಡು ಆ ದೂರವನ್ನು ಅರ್ಧ ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ದಾಟುತ್ತದೆ. ಹೀಗಾಗಿ ವೇಗದ ಎಸೆತವೋ, ತಿರುವಿನ ಎಸೆತವೋ, ಮೈಯ ಕಡೆಗೋ, ಹೊರಗಡೆಗೋ ಎಂಬುದನ್ನು ಮೊದಲೇ ಬಲ್ಲ ದಾಂಡಿಗನಿಗೆ ಅರ್ಧ ಕೆಲಸ ಮುಗಿದಂತೆಯೇ. ಕ್ಯಾಚರ್ ತನ್ನ ತೊಡೆಗಳ ನಡುವೆ ಕೈಯನ್ನು ಮರೆಮಾಡಿ ಬೆರಳುಗಳಿಂದ ಪಿಚರ್‌ಗೆ ಸನ್ನೆ ಮಾಡುತ್ತಾನೆ. ನಂತರ ಚೆಂಡು ಬರಬೇಕಾದ ಜಾಗಕ್ಕೆ ಸರಿದು ತನ್ನ ಕೈಚೀಲವನ್ನು ಒಡ್ಡುತ್ತಾನೆ. ದಾಂಡಿಗನಿಗೆ ಇದಾವುದೂ ಕಾಣದು. ಆದರೆ ಎರಡನೆಯ ನೆಲೆಯನ್ನು ತಲುಪಿ ಪಿಚರನ ಹಿಂದೆ ನಿಂತ ದಾಂಡಿಗನ ಸಂಗಾತಿಗೆ ಎಲ್ಲವೂ ಕಾಣುತ್ತದೆ. ಅವನು ಟೋಪಿ ಮುಟ್ಟಿಯೋ, ಮೊಣಕಾಲು ತಟ್ಟಿಯೋ ದಾಂಡಿಗನಿಗೆ ತಿಳಿಸಿದರೆ ಅದಕ್ಕೆ ಸನ್ನೆ ಕದಿಯುವುದೆಂದು ಹೆಸರು.

ಇಲ್ಲೊಂದು ಸ್ವಾರಸ್ಯವಿದೆ. ದೊಡ್ಡವರ ವೃತ್ತಿಪರ ಆಟದಲ್ಲಿ ಮೈದಾನದೊಳಗಿನ ಆಟಗಾರ ತನ್ನ ಬರಿಗಣ್ಣಿನಿಂದ ಇದನ್ನು ಕಂಡು ಹೇಳಿದರೆ ಅಪರಾಧವಲ್ಲ. ಸನ್ನೆಯನ್ನು ಬಚ್ಚಿಡುವುದು ಕ್ಯಾಚರನ ಹೊಣೆ ಎನ್ನುತ್ತಾರೆ. ಮಕ್ಕಳ ಆಟದಲ್ಲಿ ಹಾಗಲ್ಲ. 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್ ಎಂಬ ಪಟ್ಟಣದಲ್ಲಿ ಕಾರ್ಲ್ ಸ್ಟಾಟ್ಜ್ ಎಂಬವರು ಆರಂಭಿಸಿದ ಲಿಟಲ್ ಲೀಗ್ ಇಂದು ಹಲವು ದೇಶಗಳಲ್ಲಿ ಮಕ್ಕಳ ಬೇಸ್‌ಬಾಲನ್ನು ನಡೆಸುತ್ತಿದೆ. ಎಸೆತದ ಬಗೆಯನ್ನೋ ಜಾಗವನ್ನೋ ದಾಂಡಿಗನಿಗೆ ತಿಳಿಸಲು ಸನ್ನೆ ಕದ್ದು ರವಾನಿಸುವುದು ಕ್ರೀಡಾಮನೋಭಾವಕ್ಕೆ ವಿರುದ್ಧವೆಂದು ಅದರ ನಿಯಮ ಪುಸ್ತಕ ಹೇಳುತ್ತದೆ. ಹಾಗೆ ನಡೆಯುತ್ತಿದೆಯೆಂದು ಮನವರಿಕೆಯಾದರೆ ತಪ್ಪಿತಸ್ಥರನ್ನು ಮೈದಾನದಿಂದ ಹೊರಗೆ ಕಳುಹಿಸುವ ಅಧಿಕಾರವನ್ನು ಅಂಪೈರಿಗೆ ಕೊಡುತ್ತದೆ. ಪುಟ್ಟ ಮಕ್ಕಳಿಗೆ ದೊಡ್ಡವರಿಗಿಂತ ಕಠಿಣವಾದ ನಿಯಮವೇಕೆ ಎಂದು ಅನೇಕ ತರಬೇತುದಾರರು ಗೊಣಗುವುದುಂಟು. ಸನ್ನೆ ಓದುವುದೂ ಆಟದ ಬುದ್ಧಿವಂತಿಕೆಯೇ, ಅದನ್ನು ಬೇಗ ಕಲಿತರೆ ಒಳ್ಳೆಯದಲ್ಲವೇ ಎಂಬುದು ಅವರ ವಾದ. ಬೇವಿನ ಮರದಡಿ ನಿಂತವನಾದ ಕಾರಣ ನಾನು ಆ ವಾದವನ್ನು ಒಪ್ಪಲಾರೆ. ಮಕ್ಕಳ ಆಟದಲ್ಲಿ ಸಾಮಾನ್ಯವಾಗಿ ಸನ್ನೆ ಕದಿಯಲು ಹೊರಡುವವರು ಮಕ್ಕಳಲ್ಲ. ಗೆರೆಯ ಪಕ್ಕದ ತರಬೇತುದಾರ, ಬಲೆಯ ಹಿಂದಿನ ತಂದೆ, ಇವರೇ ಕದ್ದು ಮಕ್ಕಳ ಕೈಗೆ ಕೊಡುವವರು. ಹನ್ನೆರಡರ ಹುಡುಗ ದೊಡ್ಡವನೊಬ್ಬ ಹೇಳಿದ್ದನ್ನು ಬೇಡವೆನ್ನುವುದುಂಟೇ?

ಹಾಗೆಂದ ಮಾತ್ರಕ್ಕೆ ಆಟದಲ್ಲಿ ಗುಟ್ಟೇ ಇರಬಾರದೆಂದಲ್ಲ. 1971ರ ಆಗಸ್ಟ್‌ನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ನಮ್ಮ ನಾಡಿನ ಬಿ.ಎಸ್. ಚಂದ್ರಶೇಖರ್ 38 ಓಟಗಳಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದ ಕಥೆಯನ್ನು ಹಿರಿಯ ಓದುಗರು ಮರೆತಿರಲಾರರು. ಆ ದಿನ ಜಾನ್ ಎಡ್ರಿಚ್ ಆಡಲು ಬಂದಾಗ ದಿಲೀಪ್ ಸರ್ದೇಸಾಯಿ ಚಂದ್ರಾ ಅವರಿಗೆ, ಇವನಿಗೆ 'ಮಿಲ್ ರೀಫ್' ಹಾಕು ಎಂದು ಕೂಗಿ ಹೇಳಿದರಂತೆ. ಮಿಲ್ ರೀಫ್ ಆ ವರ್ಷದ ಡರ್ಬಿ ಗೆದ್ದ ಕುದುರೆಯ ಹೆಸರು. ಚಂದ್ರಾ ಅವರ ಸ್ಪಿನ್ ನಡುವೆ ಥಟ್ಟನೆ ಬರುವ ವೇಗದ ಚೆಂಡಿಗೆ ಅದು ಸಂಕೇತವಾಯಿತು. ಎಡ್ರಿಚ್ ಬ್ಯಾಟು ಇಳಿಸುವಷ್ಟರಲ್ಲಿ ಗೂಟ ಬಿದ್ದಿತ್ತು. ಒಂದು ವೇಳೆ ಎಡ್ರಿಚ್ ಕುದುರೆ ಪಂದ್ಯದ ಅಭಿಮಾನಿಯಾಗಿದ್ದು, ಕೂಗಿನ ಅರ್ಥ ಹೊಳೆದು, ಸಿದ್ಧನಾಗಿ ನಿಂತಿದ್ದರೆ ಅವನನ್ನು ಕಳ್ಳನೆನ್ನಬಹುದಿತ್ತೇ? ಖಂಡಿತ ಇಲ್ಲ. ಅವನ ಕಿವಿ, ಅವನ ಬುದ್ಧಿ. ಕೂಗಿದವರು ಮೈದಾನದ ನಡುವೆ ಎಲ್ಲರೆದುರು ಕೂಗಿದ್ದರು.

ಇದಕ್ಕಿಂತ ಸೂಕ್ಷ್ಮವಾದ ಪ್ರಸಂಗವೊಂದನ್ನು ಸಚಿನ್ ತೆಂಡೂಲ್ಕರ್ ತಾವಾಗಿಯೇ ಹೇಳಿಕೊಂಡಿದ್ದಾರೆ. 1999ರಲ್ಲಿ ನ್ಯೂಜಿಲೆಂಡ್ ತಂಡ ಭಾರತಕ್ಕೆ ಬಂದಾಗ ಕ್ರಿಸ್ ಕೇರ್ನ್ಸ್ ಹಳೆಯ ಚೆಂಡನ್ನು ವಿರುದ್ಧ ದಿಕ್ಕಿಗೆ ಹೊರಳಿಸುತ್ತಿದ್ದರು. ಚೆಂಡಿನ ಹೊಳೆಯುವ ಬದಿ ಯಾವ ಕಡೆಗಿದೆಯೆಂಬುದು ಆಡುವ ದಾಂಡಿಗನಿಗೆ ಕಾಣದಿದ್ದರೂ ಬೌಲರನ ಪಕ್ಕದಲ್ಲಿ ನಿಂತ ಜೊತೆಗಾರನಿಗೆ ಕಾಣುತ್ತದೆ. ಸಚಿನ್ ಅದನ್ನು ನೋಡಿ, ಬ್ಯಾಟನ್ನು ಒಂದು ಕೈಯಲ್ಲಿ ಹಿಡಿದರೆ ಒಳಬರುವ ಚೆಂಡು, ಇನ್ನೊಂದು ಕೈಯಲ್ಲಿ ಹಿಡಿದರೆ ಹೊರಹೋಗುವ ಚೆಂಡು ಎಂದು ರಾಹುಲ್ ದ್ರಾವಿಡ್‌ಗೆ ಸೂಚಿಸುತ್ತಿದ್ದರಂತೆ. ಕೊನೆಗೆ ಕೇರ್ನ್ಸ್‌ಗೆ ಅನುಮಾನ ಬಂದು ಚೆಂಡು ಹಿಡಿಯುವ ರೀತಿಯನ್ನೇ ಬದಲಿಸಿದರಂತೆ. ದ್ರಾವಿಡ್ ಬೆಂಗಳೂರಿನ ಸಂತ ಜೋಸೆಫರ ಬಾಲಕರ ಪ್ರೌಢಶಾಲೆಯಲ್ಲಿ ಓದಿದವರು. ನಮ್ಮ ಕ್ಯಾಥೊಲಿಕ ಕುಟುಂಬಗಳು ಮಕ್ಕಳಿಗೆ ಆದರ್ಶವೆಂದು ತೋರಿಸುವ ಆಟಗಾರ. ಹಾಗಾದರೆ ಅವರೂ ಬೇವಿನ ಮರದ ಪಾಲುದಾರರೇ ಎಂದು ಮನೆಯಲ್ಲಿ ಮಗನೊಬ್ಬ ಕೇಳಿದರೆ ಏನು ಹೇಳುವುದು?

ಈ ಪ್ರಶ್ನೆಯನ್ನು ನಾನು ಬಹಳ ದಿನ ಮನಸ್ಸಿನಲ್ಲಿಟ್ಟುಕೊಂಡು ತಿರುವಿ ಹಾಕಿದ್ದೇನೆ. ಅಲ್ಲಿ ನೋಡಿದವನು ಆಟದೊಳಗಿನವನು. ಅವನೂ ಅದೇ ಬೌಲರನನ್ನು ಎದುರಿಸಬೇಕಾದವನು. ಅವನು ನಿಂತ ಜಾಗ ಆಟದ ನಿಯಮವೇ ಅವನಿಗೆ ಕೊಟ್ಟ ಜಾಗ. ಎದುರಾಳಿಗೆ ಗುಟ್ಟು ಹೊಳೆದಾಗ ಉತ್ತರ ಕೊಡಲು ದಾರಿಯಿತ್ತು, ಕೇರ್ನ್ಸ್ ಕೊಟ್ಟರು ಕೂಡ. ಆಟ ಮುಗಿದ ಮೇಲೆ ಅದನ್ನು ಜಗತ್ತಿಗೆ ನಗುತ್ತ ಹೇಳಿಕೊಳ್ಳಲು ಸಂಕೋಚವಾಗಲಿಲ್ಲ. ನನ್ನ ಟವೆಲ್ಲಿನ ಕಥೆಯಲ್ಲಿ ಇವಾವುವೂ ಇರಲಿಲ್ಲ. ನಾನು ಆಟದವನಲ್ಲ, ನಿಂತ ಜಾಗ ನನ್ನದಲ್ಲ, ನನ್ನ ಇರವು ಎದುರಾಳಿ ಹುಡುಗರಿಗೆ ತಿಳಿಯುವಂತಿರಲಿಲ್ಲ. ಇಷ್ಟು ವರ್ಷ ನಾನದನ್ನು ಯಾರೊಂದಿಗೂ ಹೇಳಿಕೊಂಡಿರಲೂ ಇಲ್ಲ. ಆದರೂ ಒಂದು ಮಾತನ್ನು ಸೇರಿಸಬೇಕು. ಸಚಿನ್, ದ್ರಾವಿಡ್ ಅಂದು ಸಾವಿರಾರು ಚೆಂಡುಗಳನ್ನು ಸ್ವಂತ ಕಣ್ಣಿನಿಂದ ಓದಿ ಪಳಗಿದ್ದವರು. ಹತ್ತು ಹನ್ನೆರಡರ ಮಕ್ಕಳಿಗೆ ಜೊತೆಗಾರನ ಸನ್ನೆಯೂ ಬೇಡವೆಂದೇ ನನ್ನ ಅಭಿಪ್ರಾಯ. ಲಿಟಲ್ ಲೀಗಿನವರ ಕಟ್ಟುನಿಟ್ಟು ನನಗೆ ಸರಿಯೆನ್ನಿಸುವುದು ಇಲ್ಲಿಯೇ.

ಗೆರೆಯಾಚೆಯಿಂದ ನೆರವು ಪಡೆಯುವ ಆಸೆ ದೊಡ್ಡವರನ್ನೂ ಬಿಟ್ಟಿಲ್ಲ. 1999ರ ಮೇ 15ರಂದು ಇಂಗ್ಲೆಂಡಿನ ಹೋವ್‌ನಲ್ಲಿ ಭಾರತದ ವಿರುದ್ಧದ ವಿಶ್ವಕಪ್ ಪಂದ್ಯದಲ್ಲಿ ದಕ್ಷಿಣ ಆಫ್ರಿಕದ ನಾಯಕ ಹ್ಯಾನ್ಸಿ ಕ್ರೋನಿಯೆ ಕಿವಿಯಲ್ಲಿ ಪುಟ್ಟ ಯಂತ್ರ ಸಿಕ್ಕಿಸಿಕೊಂಡು ತರಬೇತುದಾರ ಬಾಬ್ ವೂಲ್ಮರ್ ಅವರಿಂದ ಸೂಚನೆ ಪಡೆಯುತ್ತಿದ್ದರು. ಪಾನೀಯ ವಿರಾಮದಲ್ಲಿ ಅದನ್ನು ತೆಗೆಸಲಾಯಿತು. ನಮ್ಮ ರಾಜಧಾನಿಯಲ್ಲೇ ನಡೆದದ್ದು ಇನ್ನೂ ಹತ್ತಿರದ ನಿದರ್ಶನ. 2017ರ ಮಾರ್ಚ್ 7ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಉಮೇಶ್ ಯಾದವ್ ಎಸೆತಕ್ಕೆ ಔಟೆಂದು ತೀರ್ಪು ಪಡೆದ ಆಸ್ಟ್ರೇಲಿಯಾ ನಾಯಕ ಸ್ಟೀವ್ ಸ್ಮಿತ್, ಮರುಪರಿಶೀಲನೆ ಕೇಳಬೇಕೋ ಬೇಡವೋ ಎಂದು ಡ್ರೆಸಿಂಗ್ ಕೋಣೆಯ ಕಡೆಗೆ ತಿರುಗಿ ನೋಡಿದರು. ಅಂಪೈರ್ ನೈಜೆಲ್ ಲಾಂಗ್ ತಕ್ಷಣ ಅಡ್ಡ ಬಂದರು. ವಿರಾಟ್ ಕೊಹ್ಲಿ ಸಿಡಿಮಿಡಿಗೊಂಡರು. ಒಂದು ಕ್ಷಣ ಬುದ್ಧಿ ಮಂಕಾಯಿತೆಂದು ಸ್ಮಿತ್ ಅಂದೇ ಒಪ್ಪಿಕೊಂಡರು. ಹಾಗೆ ನೋಡೆಂದು ಹೇಳಿದವನು ತಾನು, ನಿಯಮ ತನಗೆ ತಿಳಿದಿರಲಿಲ್ಲ ಎಂದು ಜೊತೆಗಾರ ಪೀಟರ್ ಹ್ಯಾಂಡ್ಸ್‌ಕೋಂಬ್ ತಿಳಿಸಿದರು. ಭಾರತ 75 ಓಟಗಳಿಂದ ಗೆದ್ದಿತೆಂಬುದು ಇಲ್ಲಿ ಮುಖ್ಯವಲ್ಲ. ಅಷ್ಟು ದೊಡ್ಡ ಆಟಗಾರನೂ ಸಂಕಟದ ಗಳಿಗೆಯಲ್ಲಿ ತನ್ನ ತೀರ್ಮಾನವನ್ನು ನಂಬದೆ ಗೆರೆಯಾಚೆಗೆ ಕಣ್ಣು ಹೊರಳಿಸಿದ. ನನ್ನ ಸೋದರಳಿಯ ಮಾಡಿದ್ದೂ ಅದನ್ನೇ.

ಬೇಸ್‌ಬಾಲಿನಲ್ಲಿ ಇದು ಎಲ್ಲಿಗೆ ಮುಟ್ಟಿತೆಂಬುದನ್ನು ಹೂಸ್ಟನ್ ಆಸ್ಟ್ರೋಸ್ ತಂಡ ತೋರಿಸಿಕೊಟ್ಟಿತು. 2017ರಲ್ಲಿ ಆ ತಂಡ ತನ್ನ ಮೈದಾನದ ದೂರದ ತುದಿಯ ಕ್ಯಾಮೆರಾದಿಂದ ಎದುರಾಳಿ ಕ್ಯಾಚರನ ಬೆರಳುಗಳನ್ನು ಪರದೆಯ ಮೇಲೆ ನೋಡಿ, ತಿರುವಿನ ಎಸೆತ ಬರುವುದಿದ್ದರೆ ಕಸದ ಡಬ್ಬಿಯನ್ನು ಬಡಿದು ದಾಂಡಿಗನಿಗೆ ತಿಳಿಸುತ್ತಿತ್ತು. ಸದ್ದಿಲ್ಲದಿದ್ದರೆ ವೇಗದ ಚೆಂಡು. ಆ ವರ್ಷ ಪ್ರಶಸ್ತಿಯೂ ಅವರಿಗೇ ಬಂದಿತು. ಹಿಂದೆ ಅದೇ ತಂಡದಲ್ಲಿದ್ದ ಮೈಕ್ ಫಯರ್ಸ್ 2019ರಲ್ಲಿ ಬಾಯಿ ಬಿಟ್ಟ ಮೇಲೆ ತನಿಖೆ ನಡೆದು, 2020ರ ಜನವರಿಯಲ್ಲಿ ತಂಡಕ್ಕೆ 50 ಲಕ್ಷ ಡಾಲರ್ ದಂಡ, ಜನರಲ್ ಮ್ಯಾನೇಜರ್ ಮತ್ತು ತಂಡದ ಮ್ಯಾನೇಜರ್ ಇಬ್ಬರಿಗೂ ಒಂದು ವರ್ಷದ ಅಮಾನತು ಆಯಿತು. ಪ್ರಶಸ್ತಿಯನ್ನು ಹಿಂಪಡೆಯಲಿಲ್ಲ, ಆಟಗಾರರಿಗೆ ಶಿಕ್ಷೆಯಾಗಲಿಲ್ಲ. ಅಮೆರಿಕದಲ್ಲಿ ಇಂದಿಗೂ ಆ ಬಗ್ಗೆ ಜಗಳ ಮುಗಿದಿಲ್ಲ. 2022ರಿಂದ ಪಿಚರ್, ಕ್ಯಾಚರ್ ಇಬ್ಬರೂ ಬೆರಳ ಸನ್ನೆಯ ಬದಲು ಪುಟ್ಟ ಯಂತ್ರದ ಮೂಲಕ ಮಾತಾಡಿಕೊಳ್ಳಲು ಅವಕಾಶ ಕೊಟ್ಟಿದ್ದಾರೆ. ಕಳ್ಳರನ್ನು ತಿದ್ದಲಾಗದೆ ಬೀಗ ಬದಲಿಸಿದಂತಾಯಿತು. ಕರಿಮಣ್ಣಿನ ಹೊಲದಲ್ಲಿ ಆಡುವ ನಮ್ಮ ಮಕ್ಕಳಿಗೆ ಅಂಥ ಬೀಗವೂ ಇಲ್ಲ.

ಆಟದ ಮಾತನ್ನು ಧರ್ಮಸಭೆಯ ಅಂಕಣದಲ್ಲಿ ಇಷ್ಟುದ್ದ ಎಳೆಯುವುದೇಕೆಂದು ಕೆಲವರು ಕೇಳಬಹುದು. ಸಂತ ಪೌಲರ ಪತ್ರಗಳಲ್ಲಿ ಓಟದ, ಸ್ಪರ್ಧೆಯ ಹೋಲಿಕೆಗಳು ಬರುವುದನ್ನು ಪೂಜೆಯ ವಾಚನಗಳಲ್ಲಿ ಕೇಳಿಯೇ ಇದ್ದೇವೆ. 2018ರ ಜೂನ್ 1ರಂದು ವ್ಯಾಟಿಕನ್ ಕ್ರೀಡೆಯ ಕುರಿತೇ ಪ್ರತ್ಯೇಕ ದಾಖಲೆಯೊಂದನ್ನು ಪ್ರಕಟಿಸಿದೆ. ಅಷ್ಟಲ್ಲದೆ ನಮ್ಮ ಜಿಲ್ಲೆಯ ಮಟ್ಟಿಗೆ ಈ ಮಾತು ಮೈದಾನದಲ್ಲಿ ಮುಗಿಯುವಂಥದ್ದೂ ಅಲ್ಲ.

ಹತ್ತನೆಯ ತರಗತಿಯ ಪರೀಕ್ಷಾ ಕೇಂದ್ರದ ಕಿಟಕಿಯ ಹೊರಗೆ ಚೀಟಿ ಹಿಡಿದು ನಿಲ್ಲುವ ಅಣ್ಣ, ಮಾವಂದಿರ ಚಿತ್ರ ಈ ಭಾಗದವರಿಗೆ ಹೊಸದಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮೂಲಕ ನಿಗಾ ವಹಿಸಲಾಯಿತು. ಹಿಂದಿನ ವರ್ಷ ಶೇಕಡ 83.89 ಇದ್ದ ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶ, ಕೃಪಾಂಕ ಹೆಚ್ಚಿಸಿದ ಮೇಲೂ ಶೇಕಡ 73.40ಕ್ಕೆ ಇಳಿಯಿತು. ಅನುತ್ತೀರ್ಣರಾದ ಮಕ್ಕಳನ್ನು ಬೈದವರು ಬಹಳ. ಆದರೆ ಆ ಮಕ್ಕಳಲ್ಲಿ ಎಷ್ಟೋ ಮಂದಿ ವರ್ಷವಿಡೀ ಕಿಟಕಿಯಾಚೆಯ ಮಾಮನನ್ನು ನಂಬಿ ಕುಳಿತವರು; ಕಿಟಕಿ ಮುಚ್ಚಿದ ದಿನ ಅವರಿಗೆ ಪ್ರಶ್ನೆಪತ್ರಿಕೆಯೇ ಕಾಣಲಿಲ್ಲ. ಅವರನ್ನು ಆ ಸ್ಥಿತಿಗೆ ತಂದವರು ನಾವು, ದೊಡ್ಡವರು. ಟವೆಲ್ ಹಿಡಿದವನಾಗಿ ಈ ಮಾತನ್ನು ನಾನು ಬೇರೆಯವರ ಮೇಲೆ ಹೊರಿಸುತ್ತಿಲ್ಲ.

ಅಂದು ನನ್ನನ್ನು ಹೆಚ್ಚು ಕಾಡಿದ್ದು ಗೆಲುವಲ್ಲ, ಪಾನಕದ ಹೊತ್ತಿನ ಆ ಕಣ್ಣು ಮಿಟುಕು. ತಾಯಿಗೂ ಹೇಳಬಾರದ ಗುಟ್ಟೊಂದನ್ನು ಮನೆಯ ಹಿರಿಯನೊಬ್ಬ ಮಗುವಿನ ಕೈಗೆ ಕೊಟ್ಟಿದ್ದ. ಜ್ಞಾನೋಪದೇಶದ ತರಗತಿಯಲ್ಲಿ ಆತ್ಮಶೋಧನೆಯನ್ನು ಕಲಿಯುತ್ತಿದ್ದ ವಯಸ್ಸು ಅವನದು. ಅವನು ಅದನ್ನು ಪಾಪವೆಂದು ಎಣಿಸಿದನೋ, ಮಾಮನೇ ಹೇಳಿದ ಮೇಲೆ ತಪ್ಪಿಲ್ಲವೆಂದುಕೊಂಡನೋ, ಕೇಳುವ ಧೈರ್ಯ ನನಗಾಗಲಿಲ್ಲ. ಎದುರು ತಂಡದ ಬೌಲರನನ್ನೂ ನೆನೆಯುತ್ತೇನೆ. ಅವನೂ ಹನ್ನೆರಡರವನೇ. ಚೆಂಡನ್ನು ಬೆನ್ನ ಹಿಂದೆ ಮರೆಮಾಡುವುದನ್ನು ಯಾರೋ ಶ್ರಮವಹಿಸಿ ಕಲಿಸಿದ್ದರು. ಆ ದಿನ ಪ್ರತಿಯೊಂದು ನಿಧಾನದ ಎಸೆತವೂ ಗೆರೆ ದಾಟಿ ಹೋದಾಗ ತನ್ನ ಕಲಿಕೆಯೇ ಸುಳ್ಳೆಂದು ಅವನು ತಿಳಿದಿರಬೇಕು. ಎರಡನೆಯ ಓವರಿನ ನಂತರ ಅವನು ನಿಧಾನದ ಚೆಂಡನ್ನು ಎಸೆಯಲೇ ಇಲ್ಲ. ನನ್ನ ಟವೆಲ್ ಒಬ್ಬನ ಕಣ್ಣನ್ನೂ ಇನ್ನೊಬ್ಬನ ಕೈಯನ್ನೂ ಒಂದೇ ದಿನದಲ್ಲಿ ಕೆಡಿಸಿತು.

ಬೇಸಿಗೆ ರಜೆಯ ಪಂದ್ಯಾವಳಿಗಳನ್ನು ಏರ್ಪಡಿಸುವ ನಮ್ಮ ಧರ್ಮಕೇಂದ್ರಗಳ ಯುವಜನರಿಗೂ ಶಾಲೆಗಳ ದೈಹಿಕ ಶಿಕ್ಷಕರಿಗೂ ಈ ಹಿನ್ನೆಲೆಯಲ್ಲಿ ಒಂದೆರಡು ವಿನಂತಿಗಳಿವೆ. ಹದಿನಾಲ್ಕರೊಳಗಿನ ಮಕ್ಕಳ ಪಂದ್ಯಗಳ ನಿಯಮಪಟ್ಟಿಯಲ್ಲಿ ಪ್ರವೇಶ ಶುಲ್ಕ, ಓವರುಗಳ ಸಂಖ್ಯೆ, ಬಹುಮಾನದ ಮೊತ್ತಗಳ ಜೊತೆಗೆ, ಗೆರೆಯಾಚೆಯಿಂದ ದಾಂಡಿಗನಿಗೆ ಎಸೆತದ ಸೂಚನೆ ಕೊಡಬಾರದೆಂಬ ಒಂದು ಸಾಲು ಸೇರಲಿ. ಕೊಟ್ಟದ್ದು ಕಂಡುಬಂದರೆ ಅಂಪೈರ್ ಆಟ ನಿಲ್ಲಿಸಿ, ಆ ದೊಡ್ಡವರನ್ನು ಮೈದಾನದಿಂದ ಹೊರಗೆ ಕಳುಹಿಸಲಿ. ಮಗುವನ್ನು ಔಟ್ ಮಾಡುವುದು ಬೇಡ, ಶಿಕ್ಷೆ ಸಲ್ಲಬೇಕಾದವರಿಗೆ ಸಲ್ಲಲಿ. ತರಬೇತುದಾರರು ಕಲಿಸುವುದನ್ನೆಲ್ಲ ಪಂದ್ಯಕ್ಕೆ ಮೊದಲು ಮತ್ತು ಓವರಿನ ನಡುವೆ ಎಲ್ಲರಿಗೂ ಕೇಳುವಂತೆ ಕಲಿಸಲಿ. "ನೋಡಿ ಆಡು, ಕಾಲು ಮುಂದಿಡು" ಎಂದು ಕೂಗುವ ತಂದೆಯನ್ನು ಯಾರೂ ತಡೆಯಬೇಕಾಗಿಲ್ಲ. ಕೂಗಿಲ್ಲದ ಮೈದಾನ ಮೈದಾನವೇ ಅಲ್ಲ.

ಎರಡೂ ತುದಿಗಳಲ್ಲಿ, ಬೌಲರನ ಬೆನ್ನ ಹಿಂದೆ ಇಪ್ಪತ್ತು ಹೆಜ್ಜೆಯಷ್ಟು ಅಗಲಕ್ಕೆ ಹಗ್ಗ ಕಟ್ಟಿ ಯಾರೂ ನಿಲ್ಲದಂತೆ ಮಾಡುವುದು ಕಷ್ಟದ ಕೆಲಸವೇನಲ್ಲ. ಇದಕ್ಕೆ ಬರುವ ಒಂದೇ ಆಕ್ಷೇಪಣೆ ನೆರಳಿನದು. ಏಪ್ರಿಲ್ ಬಿಸಿಲಿನಲ್ಲಿ ಹೊಲಕ್ಕೆಲ್ಲ ಇರುವುದು ಆ ಒಂದು ಬೇವಿನ ಮರ. ಅಜ್ಜಂದಿರು, ತಾಯಂದಿರು ಕೂರುವುದೆಲ್ಲಿ ಎನ್ನುತ್ತಾರೆ. ಮಾತು ನಿಜವೇ. ಮದುವೆಗಳಿಗೆ ಬಾಡಿಗೆಗೆ ಸಿಗುವ ಶಾಮಿಯಾನಾ ಒಂದನ್ನು ತಂದು ಮೈದಾನದ ಪಕ್ಕದ ಬದಿಯಲ್ಲಿ ಹಾಕಿಸಿದರೆ ಸಾಕು. ಬರುವ ಬೇಸಿಗೆಗೆ ಎಕಂಬಾದಲ್ಲಿ ಅದರ ಬಾಡಿಗೆಯನ್ನು ಈ ಲೇಖಕನೇ ಕೊಡುತ್ತಾನೆ.